ಸೊರ್ರಂತ ಹೀರಿ ಉಗಿಯೋ ಕೆಲಸ

ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ವಾರ ಚಿಕ್ಕಮಗಳೂರಿನ ಯಾವ ಹೋಟೆಲಿನಲ್ಲಿ ಕೂತರೂ "ಮುಂದೇನು?" ಅನ್ನೋದೇ ಮಾತು. ಎಂ.ಜಿ. ರಸ್ತೆಯ ಹೋಟೆಲೊಂದರ ಮೂಲೆ ಟೇಬಲ್ಲಿನಲ್ಲಿ ಆವತ್ತು ಬಟ್ಟೆ ಅಂಗಡಿ ಶೆಟ್ರ ಮಗನ ಸರದಿ. ಗಣಿತದಲ್ಲಿ ಮೂವತ್ತೈದೇ. ಆದರೆ ಸಾರಿಗೆ ಇಂಗು ಬಿದ್ದಿಲ್ಲ ಅಂತ ಗೇಟಿನ ಹತ್ತಿರವೇ ಹೇಳೋ ಮೂಗು.

"ಹಾಗಾದ್ರೆ ಕಪ್ಪಿಂಗ್ ಕಲಿಸಿ," ಅಂದರು ಕ್ಯೂರಿಂಗ್ ವರ್ಕ್ಸಿನ, ಅಂದರೆ ತೋಟದ ಕಾಫಿಯನ್ನು ಸಿಪ್ಪೆ ಬಿಡಿಸಿ ವಿಂಗಡಿಸೋ ಕಾರ್ಖಾನೆಯ, ಸ್ಯಾಂಪಲ್ ರೂಮಿನಲ್ಲಿರೋ ಗೌಡ್ರು.

"ಬೆನ್ನಿಗೆ ಲೋಟ ಕವುಚಿ ಹಾಕಿ ನೋವು ಎಳೀತಾರಲ್ಲ, ಅದಾ?"

"ಅಲ್ಲ ಮಾರಾಯ್ರೇ, ಕಾಫಿ ರುಚಿ ನೋಡೋ ಕೆಲಸ. ಸೊರ್ರಂತ ಹೀರೋದು, ಉಗಿಯೋದು, ಮಾರ್ಕ್ಸ್ ಹಾಕೋದು. ಅದಕ್ಕೆ ಸಂಬಳ."

"ಮೊದಲೆರಡು ಅವನು ಈಗ್ಲೂ ಮಾಡ್ತಾನೆ. ಸಂಬಳ ಇಲ್ಲ, ಅಜ್ಜಿ ಬೈಗುಳ ಉಂಟು."

"ಹೀರೋದಕ್ಕೂ ಲೆಕ್ಕ ಇದೆ ಶೆಟ್ರೇ. ಮೊದಲು ಹಸಿ ಬೀಜ 350 ಗ್ರಾಂ ತೂಗಿ, ಕರಿ ಕಾಳು, ಹುಳಿತ ಕಾಳು, ಹುಳ ಕೊರೆದದ್ದು ಎಲ್ಲ ಬೇರೆ ಮಾಡಿ ಎಣಿಸ್ಬೇಕು. ಆಮೇಲೆ ಹುರಿಯೋದು, ನಸು ಬಣ್ಣಕ್ಕೆ, 8ರಿಂದ 12 ನಿಮಿಷದೊಳಗೆ. ಕಪ್ಪಗೆ ಹುರಿದ್ರೆ ಎಲ್ಲ ತೋಟದ ಕಾಫಿಯೂ ಒಂದೇ ರುಚಿ, ಸುಟ್ಟಿದ್ದು. ಹುರಿದ ಮೇಲೆ ಕನಿಷ್ಠ 8 ಗಂಟೆ ಹಾಗೇ ಬಿಡ್ಬೇಕು."

"ಪುಡಿ ಎಷ್ಟು ಚಮಚ?"

"ಚಮಚ ಅಂದ್ರೆ ಕೆಲಸ ಹೋಯ್ತು. 150 ಮಿ.ಲೀ. ನೀರಿಗೆ 8.25 ಗ್ರಾಂ. ಒಂದು ಸ್ಯಾಂಪಲ್ಲಿಗೆ ಐದು ಕಪ್, ಐದಕ್ಕೂ ಬೀಜ ಬೇರೆಬೇರೆ ತೂಗಿ ಬೇರೆಬೇರೆಯಾಗಿ ಪುಡಿ ಮಾಡ್ಬೇಕು."

ನಿವೃತ್ತ ಕೆಮಿಸ್ಟ್ರಿ ಮೇಷ್ಟ್ರು ಕನ್ನಡಕ ಏರಿಸಿಕೊಂಡರು. "ಒಟ್ಟಿಗೆ ಪುಡಿ ಮಾಡಿ ಹಂಚಿದ್ರೆ ಏನಾಗುತ್ತೆ?"

"ಒಂದೇ ಒಂದು ಕೊಳೆತ ಕಾಳು ಐದು ಕಪ್ಪಿಗೂ ಹರಡುತ್ತೆ ಸಾರ್. ಬೇರೆ ಮಾಡಿದ್ರೆ ಒಂದು ಕಪ್ ನಾರುತ್ತೆ, ನಾಲ್ಕು ಚೆನ್ನಾಗಿರುತ್ತೆ. ಮೂಟೆಯಲ್ಲೆಲ್ಲೋ ಕೆಟ್ಟದ್ದು ಬೆರೆತಿದೆ ಅಂತ ಆಗ ಗೊತ್ತಾಗುತ್ತೆ."

ನೀರು 93 ಡಿಗ್ರಿ. ಪುಡಿ ಮೇಲೆ ಸುರಿದು ನಾಲ್ಕು ನಿಮಿಷ ಕೈ ಹಚ್ಚಬಾರದು. ಪುಡಿ ಮೇಲೆ ತೇಲಿ ಕೆನೆ ಕಟ್ಟಿದ ಹಾಗೆ ಕೂರುತ್ತೆ. ಚಮಚದ ಹಿಂಭಾಗದಿಂದ ಅದನ್ನು ಒಡೆದು, ಮೂಗು ಕಪ್ಪಿನೊಳಗೇ ಇಟ್ಟ ಹಾಗೆ ಬಗ್ಗಿ ವಾಸನೆ ಹಿಡೀಬೇಕು. ನೊರೆ ತೆಗೆದು, 70 ಡಿಗ್ರಿ ಆಸುಪಾಸಿಗೆ ಇಳಿದಾಗ ಹೀರೋದು. ಇಷ್ಟನ್ನೂ ಗೌಡ್ರು ಖಾಲಿ ಲೋಟ, ಚಮಚ ಇಟ್ಟುಕೊಂಡೇ ಮಾಡಿ ತೋರಿಸಿದರು. ಪಕ್ಕದ ಟೇಬಲ್ಲಿನವರು ಎದ್ದು ಬೇರೆ ಕಡೆ ಕೂತರು.

"ಸದ್ದು ಯಾಕೆ? ಮರ್ಯಾದೆಯಾಗಿ ಕುಡಿದ್ರೆ ಆಗಲ್ವಾ?"

"ರಭಸಕ್ಕೆ ಕಾಫಿ ಹನಿಹನಿಯಾಗಿ ನಾಲಿಗೆ ಪೂರ್ತಿ ಹರಡುತ್ತೆ, ಘಮ ಗಂಟಲ ಹಿಂದಿನಿಂದ ಮೂಗಿಗೆ ಹತ್ತುತ್ತೆ. ರುಚಿ ಅಂತ ನಾವು ಹೇಳೋದರಲ್ಲಿ ಮೂಗಿನ ಪಾಲೇ ಹೆಚ್ಚು. ಕಪ್ ಆರಿದ ಮೇಲೆ ಮತ್ತೆ ಹೀರ್ಬೇಕು. ಬಿಸಿಯಲ್ಲಿ ಅಡಗಿದ್ದ ಹುಳುಕು ಆರಿದಾಗ ಬಯಲಾಗುತ್ತೆ."

"ನೆಂಟರ ಹಾಗೆ," ಅಂದರು ಮೇಷ್ಟ್ರು.

ಉಗಿಯೋದಕ್ಕೆ ಕಾರಣ ಕೇಳಬೇಕಾಗಿರಲಿಲ್ಲ. ಆರು ಸ್ಯಾಂಪಲ್ ಅಂದರೆ ಮೂವತ್ತು ಕಪ್. ನುಂಗಿದರೆ ಮರುದಿನ ಬೆಳಗಿನವರೆಗೂ ಕಣ್ಣು ಮುಚ್ಚಲ್ಲ.

"ಹುಳಿತ ಕಾಳು ಎಲ್ಲಿಂದ ಬರುತ್ತೆ?" ಶೆಟ್ರಿಗೆ ಕುತೂಹಲ ಹತ್ತಿತು.

"ಹಣ್ಣು ಕೊಯ್ದ ದಿನವೇ ಸಿಪ್ಪೆ ತೆಗೆಯೋ ಪಲ್ಪರಿಗೆ ಹಾಕದೆ ರಾತ್ರಿಯಿಡೀ ಮೂಟೆಯಲ್ಲಿ ಬಿಟ್ರೆ ಮುಗೀತು. ಪಲ್ಪ್ ಆದ ಅರೇಬಿಕಾ ಜಾತಿಯ ಬೀಜವನ್ನ ಲೋಳೆ ಬಿಡೋಕೆ ತೊಟ್ಟಿಯಲ್ಲಿ 24ರಿಂದ 36 ಗಂಟೆ ಇಡ್ಬೇಕು. ಹಿಡಿ ಬೀಜ ಉಜ್ಜಿದ್ರೆ ಲೋಳೆ ಹೋಗಿ ಜಲ್ಲಿಕಲ್ಲಿನ ಹಾಗೆ ಗರಗರ ಅನ್ಬೇಕು. ಅದಕ್ಕೂ ಮೀರಿ ಬಿಟ್ರೆ ಹುಳಿ ವಾಸನೆ ಹೋಗೋದೇ ಇಲ್ಲ. ಕಣದಲ್ಲಿ ಮಣ್ಣಿನ ಮೇಲೆ ಹರಡಿದ್ರೆ ಮಣ್ಣು ವಾಸನೆ. ಪಾರ್ಚ್‌ಮೆಂಟ್, ಅಂದ್ರೆ ಒಳಹೊಟ್ಟು ಇರೋ ಬೀಜ, ಅದರ ತೇವ 10 ಪರ್ಸೆಂಟಿಗೆ ಇಳಿಯೋ ಮೊದಲೇ ಚೀಲ ಕಟ್ಟಿದ್ರೆ ಬೂಷ್ಟು. ತೋಟದವರು ಎಷ್ಟು ಸುಳ್ಳು ಹೇಳಿದ್ರೂ ಕಪ್ ಹೇಳಲ್ಲ."

"ಸೇರೋದು ಹೇಗೆ ಹೇಳ್ರೀ."

"ಪಿಯುಸಿ ಸೈನ್ಸ್, ಆಮೇಲೆ ಬಾಟನಿಯೋ ಕೆಮಿಸ್ಟ್ರಿಯೋ ಇರೋ ಡಿಗ್ರಿ. ಅದರ ಮೇಲೆ ಕಾಫಿ ಬೋರ್ಡಿನ ಒಂದು ವರ್ಷದ ಕಾಫಿ ಕ್ವಾಲಿಟಿ ಡಿಪ್ಲೊಮಾ. 1925ರಲ್ಲಿ ಶುರುವಾದ ಸಂಶೋಧನಾ ಕೇಂದ್ರ ನಮ್ಮ ಬಾಳೆಹೊನ್ನೂರಲ್ಲೇ ಇದೆ. ಅಷ್ಟು ಇಟ್ಕೊಂಡು ಇಲ್ಲಿ ಹುಡುಗರು ಬೆಂಗಳೂರಿಗೆ ಬಸ್ ಹತ್ತಿ ಕಾಲ್ ಸೆಂಟರ್ ಹುಡುಕ್ತಾರೆ."

"ಡಿಗ್ರಿವರೆಗೆ ಸುಮ್ಮನೆ ಕೂರ್ಬೇಕಾ?"

"ಮನೆಯಲ್ಲೇ ಪರೀಕ್ಷೆ ಮಾಡಿ. ಮೂರು ಲೋಟ, ಎರಡರಲ್ಲಿ ಒಂದೇ ಕಾಫಿ, ಒಂದರಲ್ಲಿ ಬೇರೆ. ಯಾವುದು ಬೇರೆ ಅಂತ ಹತ್ತಕ್ಕೆ ಎಂಟು ಸಲ ಸರಿ ಹೇಳಿದ್ರೆ ನನ್ನ ಹತ್ರ ಕಳಿಸಿ. ಪರೀಕ್ಷೆ ದಿನ ಸೆಂಟು, ಗುಟ್ಕಾ, ಈರುಳ್ಳಿ ಬಜ್ಜಿ ಮೂರೂ ಬಂದ್."

"ಬಜ್ಜಿ ಬಂದ್ ಅಂದ್ರೆ ಕಷ್ಟ," ಶೆಟ್ರು ಮಂಕಾದರು. "ಡಾಕ್ಟರ್ ಓದಿಸೋದೇ ಸಲೀಸು."

ಅಷ್ಟರಲ್ಲಿ ಮೂರು ಕಾಫಿ ಬಂತು. ಮೇಷ್ಟ್ರು ಬಗ್ಗಿ, ಊರಿಗೆಲ್ಲ ಕೇಳೋ ಹಾಗೆ ಸೊರ್ರ್ ಅಂತ ಹೀರಿ, ಕಣ್ಣು ಮುಚ್ಚಿ ಕೇಳಿದರು: "ಎಷ್ಟು ಕೊಡ್ತೀರಿ ಗೌಡ್ರೇ? ನೂರಕ್ಕೆ ಎಂಬತ್ತು ಬಂದ್ರೆ ಸ್ಪೆಷಾಲಿಟಿ, ಅಂದ್ರೆ ಮೇಲ್ದರ್ಜೆ ಕಾಫಿ ತಾನೆ?"

"ಚಿಕೋರಿ ಬೆರೆಸಿದ ಪುಡಿಯಲ್ಲಿ ಕಾಫಿ ಕನಿಷ್ಠ 51 ಪರ್ಸೆಂಟ್ ಇರ್ಬೇಕು ಅಂತ ಕಾನೂನು. ಇದರಲ್ಲಿ ಆ 51 ಇದ್ರೆ ಆಮೇಲೆ ಮಾರ್ಕ್ಸ್ ಮಾತು."

ಟೇಬಲ್ ಒರೆಸೋ ಹುಡುಗ ಮೇಷ್ಟ್ರ ಉಬ್ಬಿದ ಕೆನ್ನೆ ನೋಡಿ ಬಕೆಟ್ಟನ್ನು ಸದ್ದಿಲ್ಲದೆ ಕಾಲ ಬಳಿ ತಂದಿಟ್ಟ. "ಉಗಿಯೋದಾದ್ರೆ ಇದರಲ್ಲಿ ಸಾರ್. ಬಿಲ್ ಮಾತ್ರ ಪೂರ್ತಿ ಕೊಡ್ಬೇಕು."