ಹಳೆಯ ಕೆಂಪು ವೈನ್ ಇಡೋಕೆ ಮಂಡ್ಯದಲ್ಲಿ ನೆಲಮಾಳಿಗೆ ತೋಡಿಸಬಹುದಾ?

ಕಲ್ಲಹಳ್ಳಿ_ಮನೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಮಂಡ್ಯದ ಕಲ್ಲಹಳ್ಳಿಯಲ್ಲಿ ಮನೆ ಕಟ್ಟಿಸ್ತಾ ಇದ್ದೀವಿ, ಪಾಯ ಇನ್ನೂ ತೆಗೆದಿಲ್ಲ. ಫ್ರಾನ್ಸಿನ ಬೋರ್ಡೋ ಕಡೆಯ ಶಾತೋ ಸೋಸಿಯಾಂದೋ-ಮಾಲೆ ಎಂಬ ತೋಟದ ಕೆಂಪು ವೈನ್ ಹನ್ನೆರಡು ಬಾಟಲಿ ಇದೆ. ಆರು 2010ರ ಕೊಯ್ಲಿನದು, ನಾಲ್ಕು 2014, ಎರಡು 2007. ಎರಡು ಬೇಸಿಗೆ ಬಾಡಿಗೆ ಮನೆಯ ಬೀರುವಿನಲ್ಲೇ ಇದ್ದವು, ಅಡ್ಡ ಮಲಗಿಸಿಯೇ ಇಟ್ಟಿದ್ದೇವೆ.

ಎಂಟಡಿ ಆಳಕ್ಕೆ ಒಂದು ಸಣ್ಣ ನೆಲಮಾಳಿಗೆ ತೋಡಿಸಿದರೆ ಎ.ಸಿ. ಇಲ್ಲದೆ ವೈನ್ ಇಡಬಹುದಾ? ಫ್ರಾನ್ಸಿನಲ್ಲಿ ಹಾಗೇ ಇಡುತ್ತಾರಲ್ಲ. ಇನ್ನೊಂದು, ಇವುಗಳಲ್ಲಿ ಯಾವುದನ್ನು ಮೊದಲು ತೆಗೆಯಬೇಕು, ಬಿಸಿಲಿಗೆ ಕೆಟ್ಟಿದೆಯೋ ಇಲ್ಲವೋ ತೆರೆಯದೆ ಗೊತ್ತಾಗುತ್ತದಾ?

ತಣ್ಣನೆ_ಗೋಡೆ

ಸರ್, ವೈನಿಗೋಸ್ಕರ ನೆಲಮಾಳಿಗೆ ತೋಡಿಸಬೇಡಿ. ದುಡ್ಡು ಮಣ್ಣಿಗೆ ಹಾಕಿದ ಹಾಗೆ.

ನೆಲದೊಳಗೆ ಆಳಕ್ಕೆ ಹೋದಂತೆ ಬೇಸಿಗೆ, ಚಳಿಗಾಲದ ಏರಿಳಿತ ಕಮ್ಮಿಯಾಗುತ್ತಾ ಬಂದು, ಉಷ್ಣಾಂಶ ಆ ಊರಿನ ವರ್ಷದ ಸರಾಸರಿಗೆ ನಿಲ್ಲುತ್ತದೆ. ಬೋರ್ಡೋದಲ್ಲಿ ಆ ಸರಾಸರಿ 13-14 ಡಿಗ್ರಿ. ವೈನಿಗೆ ಬೇಕಾದದ್ದೂ ಅಷ್ಟೇ, ಅದಕ್ಕೇ ಅಲ್ಲಿ ಗುಂಡಿ ತೋಡಿದರೆ ಸಾಕು. ನಮ್ಮ ಮಂಡ್ಯ, ಮೈಸೂರಿನಲ್ಲಿ ಸರಾಸರಿಯೇ 24-25 ಡಿಗ್ರಿ. ಎಷ್ಟೇ ಆಳಕ್ಕೆ ಹೋಗಿ, ಅದಕ್ಕಿಂತ ತಂಪು ಸಿಗುವುದಿಲ್ಲ. ಎಂಟಡಿಯಲ್ಲಂತೂ ಏಪ್ರಿಲ್-ಮೇ ಬಿಸಿ ಸ್ವಲ್ಪ ತಡವಾಗಿಯಾದರೂ ಇಳಿದೇ ಇಳಿಯುತ್ತದೆ.

24 ಡಿಗ್ರಿಯಲ್ಲಿ ವೈನ್ ಒಂದೇ ದಿನಕ್ಕೆ ಕೆಡಲ್ಲ. ಆದರೆ ಉಷ್ಣಾಂಶ 10 ಡಿಗ್ರಿ ಏರಿದರೆ ರಾಸಾಯನಿಕ ಕ್ರಿಯೆಗಳ ವೇಗ ಹೆಚ್ಚುಕಮ್ಮಿ ಎರಡರಷ್ಟಾಗುತ್ತದೆ. ಎಲ್ಲ ಕ್ರಿಯೆಗಳೂ ಒಂದೇ ಸಮ ಏರುವುದೂ ಇಲ್ಲ. ಹಾಗಾಗಿ ಬೇಗ ಹಣ್ಣಾದ ವೈನ್ ನಿಧಾನಕ್ಕೆ ಹಣ್ಣಾದ ವೈನಿನಂತೆ ಇರುವುದಿಲ್ಲ. ಘಮ ಮೊದಲು ಹೋಗುತ್ತದೆ, ಒಗರು ಮಾತ್ರ ಉಳಿಯುತ್ತದೆ.

ಮಂಡ್ಯಕ್ಕೆ ಇನ್ನೊಂದು ತೊಂದರೆ ಇದೆ: ನೀರು. ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಅಚ್ಚುಕಟ್ಟಿನಲ್ಲಿ ನಾಲೆಗೆ ನೀರು ಬಿಟ್ಟಾಗ ಅಂತರ್ಜಲ ಮೇಲೆ ಬರುತ್ತದೆ. ಎಂಟಡಿ ಗುಂಡಿಗೆ ಒರತೆ ಬಿದ್ದರೆ ಗೋಡೆಗೆ ಎಷ್ಟು ವಾಟರ್‌ಪ್ರೂಫಿಂಗ್ ಮಾಡಿಸಿದರೂ ಕೀಲುಗಳಲ್ಲಿ ತೇವ ಬರುತ್ತದೆ. ಲೇಬಲ್ಲಿಗೆ ಬೂಷ್ಟು, ಮರದ ರ‍್ಯಾಕಿಗೆ ಗೆದ್ದಲು.

ಮುಂದೆ ಇನ್ನೂರು, ಮುನ್ನೂರು ಬಾಟಲಿ ಸೇರಿಸುವ ಮನಸ್ಸಿದ್ದರೆ ನೆಲದ ಮೇಲೆಯೇ ಮನೆಯ ಉತ್ತರ ಅಥವಾ ಈಶಾನ್ಯಕ್ಕೆ ಆರಡಿ-ಎಂಟಡಿಯ ಕಿಟಕಿ ಇಲ್ಲದ ಕೋಣೆ ಬಿಡಿ. ಗೋಡೆ, ತಾರಸಿ, ಬಾಗಿಲು ಎಲ್ಲಕ್ಕೂ 75ರಿಂದ 100 ಮಿ.ಮೀ. ಪಫ್ ಹಲಗೆ (ಶಾಖ ತಡೆಯುವ ಗಟ್ಟಿ ನೊರೆಯದು). ಆವಿ ತಡೆಯುವ ಪ್ಲಾಸ್ಟಿಕ್ ಹಾಳೆ ಹಲಗೆಯ ಹೊರಮುಖಕ್ಕೆ, ಅಂದರೆ ಬಿಸಿ ಇರುವ ಕಡೆಗೆ ಬರಬೇಕು. ಮೇಸ್ತ್ರಿಗಳು ಒಳಗಡೆ ಹಾಕಿಬಿಡುತ್ತಾರೆ, ಆಗ ಮಳೆಗಾಲದಲ್ಲಿ ಹಲಗೆಯೊಳಗೇ ನೀರು ಕೂತು ತಡೆ ಶಕ್ತಿ ಹೋಗುತ್ತದೆ. ಮಾಮೂಲಿ ಸ್ಪ್ಲಿಟ್ ಎ.ಸಿ. 16 ಡಿಗ್ರಿಗಿಂತ ಕೆಳಗೆ ಹೋಗಲ್ಲ, ಗಾಳಿಯ ತೇವವನ್ನೂ ಹೀರಿಬಿಡುತ್ತದೆ. ವೈನ್ ಕೋಣೆಗೇ ಅಂತ ಬರುವ ತಂಪು ಯಂತ್ರ ಬೇಕಾಗುತ್ತದೆ. ಹನ್ನೆರಡು ಬಾಟಲಿಗೆ ಇದ್ಯಾವುದೂ ಬೇಡ, ಫ್ರಿಜ್ ಸಾಕು.

ದ್ರಾಕ್ಷಿ_ಮೈಸೂರು

ಮೇಲಿನವರು ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ನಾನು ಬಾಟಲಿಯ ವಿಷಯಕ್ಕೆ ಬರುತ್ತೇನೆ.

ಒಳ್ಳೆ ಆಯ್ಕೆ ಮಾಡಿದ್ದೀರಿ. ಸೋಸಿಯಾಂದೋ-ಮಾಲೆ ಇರುವುದು ಬೋರ್ಡೋ ಸೀಮೆಯ ಓ-ಮೆದೋಕ್‌ನಲ್ಲಿ, ಸೇಂತ್-ಎಸ್ತೆಫ್‌ನ ಉತ್ತರಕ್ಕೆ, ಜಿರೋಂದ್ ನದೀಮುಖಕ್ಕೆ ಎದುರಾದ ಜಲ್ಲಿ ದಿಬ್ಬದ ಮೇಲೆ. 1969ರಲ್ಲಿ ಜಾನ್ ಗೋತ್ರೋ ಕೊಂಡಾಗ ಪಾಳು ಬಿದ್ದಂತಿದ್ದ ತೋಟ. ಬೋರ್ಡೋ ತೋಟಗಳ 1855ರ ದರ್ಜೆಪಟ್ಟಿಯಲ್ಲಿ ಹೆಸರಿಲ್ಲ, ಬೆಲೆ ಕೈಗೆಟುಕುವಂತೆ ಉಳಿದಿರುವುದಕ್ಕೆ ದೊಡ್ಡ ಕಾರಣ ಅದೇ. ಆದರೆ ಬಾಳಿಕೆಯಲ್ಲಿ ಪಟ್ಟಿಯಲ್ಲಿರುವ ಎಷ್ಟೋ ತೋಟಗಳನ್ನು ಹಿಂದೆ ಹಾಕುತ್ತದೆ. ದ್ರಾಕ್ಷಿ ತಳಿಗಳಲ್ಲಿ ಮೆರ್ಲೋ ಮತ್ತು ಕ್ಯಾಬರ್ನೆ ಸೋವಿನ್ಯೋನ್ ಹೆಚ್ಚುಕಮ್ಮಿ ಸಮಪಾಲು, ಸ್ವಲ್ಪ ಕ್ಯಾಬರ್ನೆ ಫ್ರಾಂಕ್. ಎಳೆಯದರಲ್ಲಿ ಹಸಿ ದೊಣ್ಣೆಮೆಣಸಿನಕಾಯಿಯ ವಾಸನೆ ಬರುತ್ತದೆ, ಅದು ದೋಷವಲ್ಲ, ಆ ತೋಟದ ಗುಣ. ವಯಸ್ಸಾದಂತೆ ಅದು ದೇವದಾರು, ಪೆನ್ಸಿಲ್ ಕೆತ್ತಿದ ವಾಸನೆಗೆ ತಿರುಗುತ್ತದೆ. ಆಮೇಲೆ ಒಣ ಹೊಗೆಸೊಪ್ಪು. ಹುಣಸೂರು ಕಡೆ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ ಬಾಗಿಲು ತೆಗೆದಾಗ ಬರುವ ಸಿಹಿ ಘಮ ಗೊತ್ತಿದ್ದವರಿಗೆ ಇದು ಥಟ್ಟನೆ ಸಿಗುತ್ತದೆ.

ತೆಗೆಯುವ ಕ್ರಮ: 2007 ಮೊದಲು. ಅದು ಹಗುರವಾದ ವರ್ಷ, ಇನ್ನು ಕಾಯುವುದರಿಂದ ಏನೂ ಬರುವುದಿಲ್ಲ. 2014 ಈಗ ಕುಡಿಯಲು ಹದವಾಗಿದೆ. 2010 ಒಗರು, ಹುಳಿ ಎರಡೂ ತುಂಬಿದ ವರ್ಷ, ಸರಿಯಾಗಿ ಇಟ್ಟಿದ್ದರೆ ಇನ್ನೂ ಹತ್ತು ವರ್ಷ ಆರಾಮಾಗಿ ಹೋಗುತ್ತದೆ. ನಿಮ್ಮದು ಎರಡು ಬೇಸಿಗೆ ಬೀರುವಿನಲ್ಲಿ ಬೆಂದಿದೆ, ಅದಕ್ಕೇ ಆರರಲ್ಲಿ ಒಂದನ್ನು ಈ ವರ್ಷವೇ ತೆಗೆದು ನೋಡಿ. ಅದರ ರುಚಿ ನೋಡಿಕೊಂಡು ಉಳಿದ ಐದರ ತೀರ್ಮಾನ ಮಾಡಿ.

ತೆರೆಯದೆ ನೋಡಬಹುದಾದ್ದು ಹೀಗೆ. ಬಾಟಲಿ ನೆಟ್ಟಗೆ ನಿಲ್ಲಿಸಿ ವೈನ್ ಎಲ್ಲಿಯವರೆಗೆ ಇದೆ ನೋಡಿ. ಈ ವಯಸ್ಸಿಗೆ ಕತ್ತಿನೊಳಗೇ ಇರಬೇಕು. ಹೆಗಲಿಗೆ ಇಳಿದಿದ್ದರೆ ಬಿರಡೆಯ ಪಕ್ಕದಿಂದ ಸೋರಿದೆ. ಮೇಲಿನ ತಗಡಿನ ಟೊಪ್ಪಿಗೆಯನ್ನು ಬೆರಳಲ್ಲಿ ತಿರುಗಿಸಿ. ಸಲೀಸಾಗಿ ತಿರುಗಿದರೆ ಒಳ್ಳೆಯದು, ಅಂಟಿಕೊಂಡಿದ್ದರೆ ಒಳಗೆ ವೈನ್ ಸೋರಿ ಒಣಗಿರಬಹುದು. ಬಿರಡೆ ಬಾಯಿಗಿಂತ ಮೇಲೆ ಉಬ್ಬಿದ್ದರೆ ಬಿಸಿಯೇ ಕಾರಣ: 15ರಿಂದ 35 ಡಿಗ್ರಿಗೆ ಏರಿದರೆ 750 ಮಿ.ಲೀ. ವೈನ್ ನಾಲ್ಕೈದು ಮಿ.ಲೀ. ಹಿಗ್ಗುತ್ತದೆ, ಬಿರಡೆಯ ಕೆಳಗಿನ ಖಾಲಿ ಜಾಗ ಇರುವುದೇ ಸ್ವಲ್ಪ. ರಾತ್ರಿ ತಣ್ಣಗಾದಾಗ ಅದೇ ದಾರಿಯಲ್ಲಿ ಗಾಳಿ ಒಳಗೆ ಬರುತ್ತದೆ. ಈ ಹಗಲು-ರಾತ್ರಿಯ ಹಿಗ್ಗು-ಕುಗ್ಗೂ ವೈನನ್ನು ಕೆಡಿಸುತ್ತದೆ. ಮೂರರಲ್ಲಿ ಯಾವ ಲಕ್ಷಣ ಕಂಡರೂ ಆ ಬಾಟಲಿಯನ್ನು ಸಾಲಿನ ಮುಂದಕ್ಕೆ ತನ್ನಿ.

ಸ್ಟೆಬಿಲೈಸರ್_ಸ್ವಾಮಿ

ಫ್ರಿಜ್ ಬಗ್ಗೆ ನಾನು ಹೇಳ್ತೀನಿ.

ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುವ ಎಂಟು, ಹನ್ನೆರಡು ಬಾಟಲಿಯ ವೈನ್ ಕೂಲರುಗಳಲ್ಲಿ ಬಹಳಷ್ಟು ಪೆಲ್ಟಿಯರ್ ಬಿಲ್ಲೆಯವು (ಕರೆಂಟ್ ಹರಿದಾಗ ಒಂದು ಮುಖ ತಣ್ಣಗಾಗುವ ಬಿಲ್ಲೆ), ಕಂಪ್ರೆಸರ್ ಇರಲ್ಲ. ಸದ್ದಿಲ್ಲ, ಅದುರಲ್ಲ, ಎಲ್ಲ ಸರಿ. ಆದರೆ ಅವು ಹೊರಗಿನ ಬಿಸಿಗಿಂತ ಇಷ್ಟು ಡಿಗ್ರಿ ಅಂತ ಮಾತ್ರ ಇಳಿಸಬಲ್ಲವು, ಸಾಮಾನ್ಯವಾಗಿ ಹದಿನೈದರ ಆಸುಪಾಸು. ಏಪ್ರಿಲ್ ಮಧ್ಯಾಹ್ನ ಮಂಡ್ಯದಲ್ಲಿ 36 ಇದ್ದಾಗ ಒಳಗೆ 20ರ ಮೇಲೇ ನಿಲ್ಲುತ್ತದೆ, ಫ್ಯಾನ್ ಬಿಡುವಿಲ್ಲದೆ ತಿರುಗಿ ಬಿಲ್ಲೆ ಬೇಗ ಹೋಗುತ್ತದೆ. ನಮ್ಮೂರಿಗೆ ಕಂಪ್ರೆಸರ್ ಇರುವುದೇ ಬೇಕು. ಶಾಖ ಹಿಂದಿನಿಂದ ಬಿಡುವ ಮಾದರಿಯಾದರೆ ಗೋಡೆಯಿಂದ ಕನಿಷ್ಠ 10 ಸೆಂ.ಮೀ. ಬಿಡಿ, ಅಡುಗೆಮನೆ ಕಪಾಟಿನೊಳಗೆ ತುರುಕಬೇಡಿ.

ಖರ್ಚು ಕಮ್ಮಿ ಬೇಕಂದ್ರೆ ಹಳೆ ಸಿಂಗಲ್ ಡೋರ್ ಫ್ರಿಜ್ಜಿಗೆ ಹೊರಗಿನಿಂದ ಎಸ್‌ಟಿಸಿ-1000 ಎಂಬ ಉಷ್ಣಾಂಶ ಕಂಟ್ರೋಲರ್ ಹಾಕಿಸಿ. ಫ್ರಿಜ್ಜಿನ ಗುಂಡಿ ಅತಿ ತಂಪಿಗೆ ತಿರುಗಿಸಿಬಿಡಿ, ಕರೆಂಟ್ ಕೊಡುವ-ತೆಗೆಯುವ ಕೆಲಸ ಕಂಟ್ರೋಲರ್ ಮಾಡುತ್ತದೆ. ಸೆಟ್ಟಿಂಗ್ 13 ಡಿಗ್ರಿ, ವ್ಯತ್ಯಾಸ 2 ಡಿಗ್ರಿ, ಕಂಪ್ರೆಸರ್ ವಿಳಂಬ 5 ನಿಮಿಷ. ವಿಳಂಬ ಹಾಕದಿದ್ದರೆ ಕರೆಂಟ್ ಹೋಗಿ ಬಂದ ತಕ್ಷಣ ಕಂಪ್ರೆಸರ್ ಒತ್ತಡದ ಮೇಲೇ ಸ್ಟಾರ್ಟ್ ಆಗಲು ನೋಡಿ ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ಸೆನ್ಸರ್ ಗಾಳಿಯಲ್ಲಿ ನೇತಾಡಬಾರದು. ನೀರು ತುಂಬಿದ ಒಂದು ಖಾಲಿ ವೈನ್ ಬಾಟಲಿಯೊಳಗೆ ಇಳಿಬಿಡಿ, ಆಗ ಬಾಗಿಲು ತೆಗೆದಾಗಲೆಲ್ಲ ಆನ್ ಆಗಲ್ಲ. ವೈರಿಂಗ್ ಎಲೆಕ್ಟ್ರಿಷಿಯನ್ ಕೈಯಲ್ಲೇ ಮಾಡಿಸಿ. ಅದು 230 ವೋಲ್ಟ್, ಕಂಟ್ರೋಲರಿನ ಹಿಂದಿನ ಸ್ಕ್ರೂಗಳು ತೆರೆದೇ ಇರುತ್ತವೆ, ಡಬ್ಬಿಯೊಳಗೆ ಕೂರಿಸಬೇಕು.

ಮೇಲಿನ ಐಸ್ ಪೆಟ್ಟಿಗೆಯಿಂದ ಕರಗಿದ ನೀರು ತೊಟ್ಟಿಕ್ಕುತ್ತದೆ, ಅದರ ಕೆಳಗೆ ತಟ್ಟೆ ಇಡಿ. ಲೇಬಲ್ಲಿಗೆ ಕ್ಲಿಂಗ್ ಫಿಲ್ಮ್ ಒಂದು ಸುತ್ತು. ಗಾಜಿನ ತಟ್ಟೆಗಳ ಮೇಲೆ ಬಾಟಲಿ ಪೇರಿಸಬೇಡಿ, ತುಂಬಿದ ಒಂದೊಂದೂ ಒಂದೂಕಾಲು ಕೆ.ಜಿ. ಹತ್ತಿರ ತೂಗುತ್ತದೆ. ಮರದ ಚೌಕಟ್ಟು ಮಾಡಿಸಿ. ದೋಸೆ ಹಿಟ್ಟು, ಉಪ್ಪಿನಕಾಯಿ, ಮಲ್ಲಿಗೆ ಹೂವು ಅದೇ ಫ್ರಿಜ್ಜಿನಲ್ಲಿ ಇಡಲೇಬೇಡಿ.

ಕರೆಂಟ್ ಹೋದರೆ ಗಾಬರಿ ಬೇಡ. ಹನ್ನೆರಡು ಬಾಟಲಿ ಅಂದರೆ ಒಂಬತ್ತು ಲೀಟರ್ ತಂಪು ದ್ರವ, ಬಾಗಿಲು ಮುಚ್ಚಿಟ್ಟರೆ ಒಂದೆರಡು ಗಂಟೆಯಲ್ಲಿ ಹೆಚ್ಚೇನೂ ಏರಲ್ಲ. ಇನ್ವರ್ಟರಿಗೆ ಜೋಡಿಸುವುದಕ್ಕಿಂತ ಒಳ್ಳೆ ಸ್ಟೆಬಿಲೈಸರಿಗೆ ದುಡ್ಡು ಹಾಕಿ.

ಕಲ್ಲಹಳ್ಳಿ_ಮನೆ

ತುಂಬ ಉಪಕಾರವಾಯಿತು. ನೆಲಮಾಳಿಗೆ ಕೈಬಿಟ್ಟೆವು, ಕಂಪ್ರೆಸರ್ ಕೂಲರ್ ತರುತ್ತೇವೆ. ಎರಡು 2007ರಲ್ಲಿ ಒಂದರ ಬಿರಡೆ ಸ್ವಲ್ಪ ಉಬ್ಬಿದೆ, ಅದನ್ನೇ ಮೊದಲು ತೆಗೆಯುತ್ತೇವೆ. ತೆಗೆಯುವ ಕ್ರಮ ಹೇಳಿ. ಊಟಕ್ಕೆ ಬನ್ನೂರು ಕುರಿ ಮಾಂಸ ಮಾಡುವ ಯೋಚನೆ.

ದ್ರಾಕ್ಷಿ_ಮೈಸೂರು

ಎರಡು ದಿನ ಮೊದಲೇ ನೆಟ್ಟಗೆ ನಿಲ್ಲಿಸಿ. ಗಸಿ ತಳಕ್ಕೆ ಇಳಿಯಬೇಕು, ಅಲ್ಲಾಡಿಸಿದರೆ ಮತ್ತೆ ಮೊದಲಿಂದ ಕಾಯಬೇಕು. ಟೊಪ್ಪಿಗೆಯನ್ನು ಕತ್ತಿನ ಕೆಳತುಟಿಯ ಕೆಳಗೆ ಕೊಯ್ದು ಪೂರ್ತಿ ತೆಗೆಯಿರಿ, ಬಾಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ. ಹಳೆ ಬಿರಡೆಗೆ ಎರಡು ಚಪ್ಪಟೆ ಅಲಗಿನ ಆಸೋ ಎಂಬ ಓಪನರ್ ಒಳ್ಳೆಯದು. ಉದ್ದ ಅಲಗನ್ನು ಮೊದಲು ಗಾಜು-ಬಿರಡೆಯ ನಡುವೆ ಇಳಿಸಿ, ಎರಡನ್ನೂ ಆಚೀಚೆ ಅಲುಗಿಸುತ್ತಾ ಒತ್ತಿ, ಆಮೇಲೆ ತಿರುಗಿಸುತ್ತಾ ಎಳೆಯಿರಿ. ಒಂದು ಎಚ್ಚರಿಕೆ: ನಿಮ್ಮ ಉಬ್ಬಿದ ಬಿರಡೆ ಸಡಿಲವಾಗಿದ್ದರೆ ಆಸೋ ಅದನ್ನು ಒಳಗೇ ತಳ್ಳಿಬಿಡುತ್ತದೆ. ಆ ಬಾಟಲಿಗೆ ಮಾಮೂಲಿ ಸುರುಳಿ ಓಪನರನ್ನು ನಿಧಾನಕ್ಕೆ ಬಳಸಿ. ಬಿರಡೆ ಪುಡಿಯಾದರೆ ತೊಳೆದು ಹಿಂಡಿದ ತೆಳು ಮಲ್ಲು ಬಟ್ಟೆಯಲ್ಲಿ ಸೋಸಿ, ರುಚಿಗೇನೂ ಆಗಲ್ಲ. ಬಟ್ಟೆಯಲ್ಲಿ ಸೋಪಿನ ವಾಸನೆ ಇರಬಾರದು ಅಷ್ಟೇ.

ಬೇರೆ ಪಾತ್ರೆಗೆ ಬಗ್ಗಿಸುವಾಗ ಕತ್ತಿನ ಕೆಳಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ನಡುವೆ ನಿಲ್ಲಿಸದೆ ಒಂದೇ ಧಾರೆ. ಹೊಗೆಯಂತೆ ಗಸಿ ಕತ್ತಿಗೆ ಬಂದ ಕೂಡಲೇ ನಿಲ್ಲಿಸಿ, 30-40 ಮಿ.ಲೀ. ತಳದಲ್ಲೇ ಬಿಡಿ.

ಲೋಟದಲ್ಲಿ 60 ಮಿ.ಲೀ. ಸಾಕು. ಬಿಳಿ ಕಾಗದದ ಮೇಲೆ ವಾಲಿಸಿ ಅಂಚು ನೋಡಿ. ಇಟ್ಟಿಗೆ ಕೆಂಪು ಸರಿ, ಪೂರ್ತಿ ಕಂದು ಅಂದರೆ ಮುಗಿದಿದೆ. ಅಲ್ಲಾಡಿಸದೆ ಒಮ್ಮೆ ಮೂಸಿ, ಆಮೇಲೆ ಅಲ್ಲಾಡಿಸಿ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯ ದೋಷ, ಗಾಳಿ ತಾಗಿದಷ್ಟೂ ಹೆಚ್ಚುತ್ತದೆ, ಕಾಯುವುದರಲ್ಲಿ ಅರ್ಥವಿಲ್ಲ. ಬೇಯಿಸಿದ ಜಾಮ್ ಅಥವಾ ಒಣದ್ರಾಕ್ಷಿ ಪಾಕದ ವಾಸನೆ ಬಿಸಿಲಿಗೆ ಬೆಂದದ್ದರ ಗುರುತು. ಕೊಯ್ದಿಟ್ಟು ಕಂದಾದ ಸೇಬಿನ ವಾಸನೆ ಗಾಳಿ ಹೊಕ್ಕದ್ದರದು. ಮೊದಲು ಮುಗ್ಗಲು, ಮುಚ್ಚಿದ ಕೋಣೆಯ ವಾಸನೆ ಬಂದರೆ ಮಾತ್ರ ಹತ್ತು ನಿಮಿಷ ತಾಳಿ, ಎಷ್ಟೋ ಸಲ ತಾನೇ ಹೋಗುತ್ತದೆ.

ಅಗ್ರಹಾರ_ತಿರುವು

ಒಂದು ಮಾತು ಸೇರಿಸಬೇಕು. ಬಗ್ಗಿಸಿದ ಮೇಲೆ ಎಷ್ಟು ಹೊತ್ತು ಬಿಡಬೇಕು ಅನ್ನುವುದು ಮೂರಕ್ಕೂ ಬೇರೆ. 2007ನ್ನು ಬಗ್ಗಿಸಿದ ಕೂಡಲೇ ಕುಡಿಯಿರಿ, ಗಂಟೆಗಟ್ಟಲೆ ತೆರೆದಿಟ್ಟರೆ ಇರುವ ಅಲ್ಪ ಹಣ್ಣಿನ ರುಚಿಯೂ ಹಾರಿಹೋಗುತ್ತದೆ. 2014ಕ್ಕೆ ಮುಕ್ಕಾಲು ಗಂಟೆ, 2010ಕ್ಕೆ ಒಂದೂವರೆ ಗಂಟೆ ಕೊಡಿ. ನಡುನಡುವೆ ಒಂದು ಗುಟುಕು ನೋಡುತ್ತಾ ಇರಿ, ಗಡಿಯಾರಕ್ಕಿಂತ ನಾಲಗೆಯನ್ನು ನಂಬಿ.

ಕೆಂಪು ವೈನನ್ನು ಕೋಣೆಯ ಉಷ್ಣಾಂಶದಲ್ಲಿ ಕೊಡಬೇಕು ಅನ್ನುವ ಮಾತು ಚಳಿ ದೇಶದ ಕೋಣೆಗೆ ಹೇಳಿದ್ದು. 30 ಡಿಗ್ರಿ ಕೋಣೆಯಲ್ಲಿ ಮದ್ಯಸಾರದ ಘಾಟೇ ಮೂಗಿಗೆ ಹೊಡೆಯುತ್ತದೆ. 16ರಿಂದ 18 ಡಿಗ್ರಿ ಇರಲಿ. ಕೂಲರಿನಿಂದ 13ರಲ್ಲಿ ತೆಗೆದದ್ದು ನಮ್ಮ ಸೆಕೆಗೆ ಬೇಗನೆ ಅಲ್ಲಿಗೆ ಬರುತ್ತದೆ. 2010ರಂತೆ ತುಂಬ ಹೊತ್ತು ಬಿಡುವುದಾದರೆ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಕೂರಿಸಿ, ನಾಲ್ಕೈದು ಐಸ್ ತುಂಡು ಸಾಕು.

ಬನ್ನೂರು ಕುರಿ ಚೆನ್ನಾಗಿ ಹೊಂದುತ್ತದೆ, ಮಾಂಸದ ನಡುವೆ ಕೊಬ್ಬು ಹರಡಿರುವುದರಿಂದ ವೈನಿನ ಒಗರು ಮೆತ್ತಗಾಗುತ್ತದೆ. ಆದರೆ ಮಂಡ್ಯದ ಮಾಮೂಲಿ ಖಾರದ ಸಾರು ಬೇಡ. ಒಣಮೆಣಸಿನ ಉರಿಯ ಮೇಲೆ ವೈನ್ ಕಹಿಯಾಗುತ್ತದೆ, ಹುಣಸೆ ಹುಳಿಯ ಮುಂದೆ ಸಪ್ಪೆಯಾಗುತ್ತದೆ. ಚಾಪ್ಸಿಗೆ ಉಪ್ಪು, ಜಜ್ಜಿದ ಬೆಳ್ಳುಳ್ಳಿ, ತರಿ ಕಾಳುಮೆಣಸು ಮಾತ್ರ ಹಚ್ಚಿ ತುಪ್ಪದಲ್ಲಿ ಹುರಿದು ವೈನ್ ಜೊತೆ ಕೊಡಿ. ಮುದ್ದೆ, ಸಾರು ಆಮೇಲೆ ಬಡಿಸಿ.

2010ಕ್ಕೆ ಕೈ ಹಾಕುವ ಮೊದಲು ಅಭ್ಯಾಸಕ್ಕೆ ನಮ್ಮಲ್ಲೇ ಸಿಗುವ ಗ್ರೋವರ್‌ನ ಲಾ ರಿಸರ್ವ್ ತನ್ನಿ. ನಂದಿ ಬೆಟ್ಟದ ತಪ್ಪಲಿನ ಕ್ಯಾಬರ್ನೆ-ಶಿರಾಜ್, ಓಕ್ ಪೀಪಾಯಿಯಲ್ಲಿ ಹದವಾದದ್ದು. ಇದನ್ನು ಹತ್ತು ವರ್ಷ ಇಡುವುದು ಬೇಡ, ಕೊಯ್ಲಿನ ವರ್ಷದಿಂದ ಐದಾರು ವರ್ಷದೊಳಗೆ ಮುಗಿಸಿ. ಲೆಕ್ಕ ಹಾಕುವಾಗ ಒಂದು ನೆನಪಿರಲಿ: ನಮ್ಮಲ್ಲಿ ವೈನ್ ದ್ರಾಕ್ಷಿ ಕೊಯ್ಯುವುದು ಫೆಬ್ರವರಿ-ಮಾರ್ಚ್ ಸುಮಾರಿಗೆ, ಬೋರ್ಡೋದಲ್ಲಿ ಸೆಪ್ಟೆಂಬರ್-ಅಕ್ಟೋಬರ್. ಲೇಬಲ್ ಮೇಲೆ ಒಂದೇ ಇಸವಿ ಇದ್ದರೂ ನಮ್ಮದು ಅರ್ಧ ವರ್ಷ ದೊಡ್ಡದು.