‘ಬೆಚ್ಚನೆಯ ಬಣ್ಣದ ಅಂಗಿ’ ಅನ್ನಬಹುದೇ? ಸಾಸಿವೆ, ತುಕ್ಕು, ಮೆರೂನ್‌ಗೆ ಏನನ್ನಬೇಕು?

ಪ್ರಶ್ನೆ

ಬಲ್ಲವರಿಗೆ ನಮಸ್ಕಾರ. ಗಂಡಸರ ಅಂಗಿಗಳ ಬಗ್ಗೆ ಕನ್ನಡದಲ್ಲಿ ಒಂದು ಕಿರುಹೊತ್ತಗೆ ಸಿದ್ಧವಾಗುತ್ತಿದೆ. ಕೆಂಪು, ಕಿತ್ತಳೆ, ಹಳದಿ ಕಡೆಯ ಬಣ್ಣದ ಅಂಗಿಯನ್ನು ಯಾವ ಸಂದರ್ಭಕ್ಕೆ, ಯಾವ ಕಾಲದಲ್ಲಿ, ಯಾವುದರ ಜೊತೆ ತೊಡಬೇಕು ಅನ್ನುವುದು ಅದರ ವಿಷಯ. ಕರಡಿನಲ್ಲಿ ಈ ಗುಂಪಿಗೆ ‘ಬೆಚ್ಚನೆಯ ಬಣ್ಣಗಳು’ ಅಂತ ಇದೆ. ‘ಬೇಸಿಗೆಯಲ್ಲಿ ಬೆಚ್ಚನೆಯ ಬಣ್ಣದ ಅಂಗಿ’ ಎಂಬ ಸಾಲು ಓದಿದವರಿಗೆ ಅದು ಸೆಕೆಗಾಲದಲ್ಲಿ ಉಣ್ಣೆ ಅಂಗಿ ತೊಡಿ ಅಂದಹಾಗೆ ಕೇಳಿಸುತ್ತಿದೆ. ಗುಂಪಿಗೆ ಬೇರೆ ಪದ ಇದೆಯೇ? ‘ಸಾಸಿವೆ ಬಣ್ಣ’, ‘ತುಕ್ಕು ಬಣ್ಣ’ ಸರಿಯೇ? ‘ಸ್ಟೈಲಿಂಗ್’ ಅನ್ನುವುದಕ್ಕೆ ‘ವಿನ್ಯಾಸಗೊಳಿಸುವುದು’ ಅಂತ ಹಾಕಿದೆ, ಅದೂ ಕಿವಿಗೆ ಹಿತವಾಗಿಲ್ಲ.

ಉತ್ತರ 1

‘ಬೆಚ್ಚನೆ’ ಮುಟ್ಟಿದಾಗ ಗೊತ್ತಾಗುವ ಗುಣ. ಬೆಚ್ಚನೆಯ ಹಾಲು, ಬೆಚ್ಚನೆಯ ಕಂಬಳಿ. ಅದರ ಹಿಂದೆ ‘ಬಣ್ಣದ’ ಬಂದು, ಆಮೇಲೆ ‘ಅಂಗಿ’ ಬಂದರೆ ಕಿವಿ ನಡುವಿನ ಪದವನ್ನು ಹಾರಿಸಿ ‘ಬೆಚ್ಚನೆಯ ಅಂಗಿ’ ಅಂತಲೇ ಹಿಡಿದುಕೊಳ್ಳುತ್ತದೆ. ಓದುಗರ ತಪ್ಪಲ್ಲ.

ಚಿತ್ರಕಲೆಯ ಪಾಠಗಳಲ್ಲಿ ‘ಉಷ್ಣವರ್ಣ–ಶೀತವರ್ಣ’, ‘ಬಿಸಿ ಬಣ್ಣ–ತಂಪು ಬಣ್ಣ’ ಎರಡೂ ಇವೆ. ಕ್ಯಾನ್ವಾಸಿನ ಮೇಲೆ ಅವು ಸರಿ, ಮೈಮೇಲೆ ಅಲ್ಲ. ‘ಉಷ್ಣ’ ಅಂದರೆ ನಮ್ಮಲ್ಲಿ ಬಾಯಿಹುಣ್ಣು, ಕಣ್ಣುರಿ. ಉಷ್ಣವರ್ಣದ ಅಂಗಿ ಅಂದರೆ ಓದುಗ ಮೊದಲು ಎಳನೀರು ಹುಡುಕುತ್ತಾನೆ.

ಒಂದೇ ಪದಕ್ಕೆ ಹಟ ಹಿಡಿಯದೆ ಎರಡಾಗಿ ಒಡೆಯಿರಿ: ಕೆಂಬಣ್ಣ, ಹೊಂಬಣ್ಣ. ಕೆಂದಾವರೆ, ಕೆಂಗಣ್ಣು, ಕೆಮ್ಮಣ್ಣುಗಳಲ್ಲಿ ‘ಕೆಂಪು’ ಹೇಗೆ ಕಿರಿದಾಗಿದೆಯೋ ‘ಕೆಂಬಣ್ಣ’ದಲ್ಲೂ ಹಾಗೇ. ‘ಹೊನ್ನು’ ಹೊಂಬಿಸಿಲಿನಲ್ಲಿ ಇರುವಂತೆ ಹೊಂಬಣ್ಣದಲ್ಲೂ ಇದೆ. ಇಟ್ಟಿಗೆ, ದಾಳಿಂಬೆ, ಮೆರೂನ್ ಮೊದಲನೆಯದಕ್ಕೆ ಸೇರಲಿ. ಅರಿಸಿನ, ಜೇನು ಎರಡನೆಯದಕ್ಕೆ. ಹೀಗೆ ಒಡೆದರೆ ವಿಷಯಕ್ಕೂ ಅನುಕೂಲ, ಯಾಕೆಂದರೆ ಎರಡಕ್ಕೂ ಹೊಂದುವ ಪ್ಯಾಂಟು ಬೇರೆ. ಕೆಂಬಣ್ಣದ ಅಂಗಿಗೆ ಬೂದು, ಕಡುನೀಲಿ, ಕೆನೆಬಿಳಿ ಮೂರೂ ಆಗುತ್ತವೆ. ಹೊಂಬಣ್ಣಕ್ಕೆ ಕಡುನೀಲಿ ಮತ್ತು ಕಂದು ಒಳ್ಳೆಯವು. ಬೂದು ಹಾಕಿದರೆ ಹಳದಿ ಪೇಲವವಾಗುತ್ತದೆ. ಕಪ್ಪು ಹಾಕಿದರೆ ದೂರದಿಂದ ಟ್ಯಾಕ್ಸಿ.

ಉತ್ತರ 2

ಮೇಲಿನವರ ಒಡೆದ ಜೋಡಿಗೆ ನನ್ನ ಒಪ್ಪಿಗೆ ಇದೆ. ಬಿಡಿ ಬಣ್ಣಗಳಲ್ಲಿ ತೊಡಕು ಹೆಚ್ಚು.

‘ಸಾಸಿವೆ ಬಣ್ಣ’ ಅಂದರೆ ಕನ್ನಡದ ಅಡುಗೆಮನೆಯಲ್ಲಿ ಕಣ್ಣಿಗೆ ಬರುವುದು ಒಗ್ಗರಣೆ ಡಬ್ಬಿಯ ಕರಿಗಂದು ಕಾಳು. ಇಂಗ್ಲಿಷಿನವರಿಗೆ ಆ ಬಣ್ಣ ಬಂದದ್ದು ಸೀಸೆಯಲ್ಲಿಟ್ಟ ಹಳದಿ ಗೊಜ್ಜಿನಿಂದ, ಉತ್ತರ ಭಾರತದವರಿಗೆ ಹೊಲದ ತುಂಬ ಅರಳಿದ ಸಾಸಿವೆ ಹೂವಿನಿಂದ. ನಮಗೆ ಎರಡೂ ನಿತ್ಯದ ನೋಟವಲ್ಲ. ಹಾಗಾಗಿ ‘ಸಾಸಿವೆ ಬಣ್ಣದ ಅಂಗಿಗೆ ಕಂದು ಪ್ಯಾಂಟು’ ಅಂತ ಬರೆದರೆ ಓದುಗ ಕಂದಿಗೆ ಕಂದು ಯಾಕೆ ಅಂತ ತಬ್ಬಿಬ್ಬಾಗುತ್ತಾನೆ. ‘ಸಾಸಿವೆ ಹಳದಿ’ ಅಂತ ಹಳದಿಯನ್ನು ಬಾಯಿಬಿಟ್ಟು ಹೇಳಿದರೆ ಗೊಂದಲವಿಲ್ಲ. ಇನ್ನೂ ಚೆನ್ನಾಗಿ ಬೇಕಾದರೆ ‘ಅರಿಸಿನ ಕೊಂಬಿನ ಬಣ್ಣ’. ಒಣ ಕೊಂಬನ್ನು ಮುರಿದಾಗ ಒಳಗೆ ಕಾಣುವ ಕಿತ್ತಳೆಗೆ ತಿರುಗಿದ ಹಳದಿ ಅದು. ಪುಡಿಯ ಬಣ್ಣಕ್ಕಿಂತ ಗಾಢ.

‘ತುಕ್ಕು ಬಣ್ಣ’ ಬೇಡವೇ ಬೇಡ. ಬಟ್ಟೆಯ ಮಾತಿನಲ್ಲಿ ತುಕ್ಕು ಅಂದರೆ ಕಲೆ. ಕಬ್ಬಿಣದ ಸರಿಗೆ ಮೇಲೆ ಒದ್ದೆ ಅಂಗಿ ಹರವಿದಾಗ ಅಡ್ಡಕ್ಕೆ ಬೀಳುವ ಗೀಟು. ‘ತುಕ್ಕು ಹಿಡಿದ ಅಂಗಿ’ ಯಾರು ಕೊಳ್ಳುತ್ತಾರೆ? ‘ಹೆಂಚಿನ ಬಣ್ಣ’ ಅನ್ನಿ. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದಮೇಲೆ ಆ ಬಣ್ಣ ಕರಾವಳಿ, ಮಲೆನಾಡಿನ ಮಾಡುಗಳ ಮೇಲೆಲ್ಲ ಇದೆ. ಹೊಸ ಹೆಂಚು ಅಂದರೆ ಕಿತ್ತಳೆಗೆಂಪು. ಎರಡು ಮಳೆಗಾಲ ಕಂಡ ಹೆಂಚು ಅಂದರೆ ಕೆಂಗಂದು. ಅಂಗಡಿಯಲ್ಲಿ ‘ರಸ್ಟ್’ ಅಂತ ಮಾರುವುದು ಈ ಎರಡನೆಯದನ್ನೇ.

ಇದರ ಜೊತೆ ಖಾಕಿ ಪ್ಯಾಂಟು ಹೊಂದುತ್ತದೆ ಅಂತ ಹೊರಗಿನ ಪುಸ್ತಕಗಳಲ್ಲಿ ಇರುತ್ತದೆ. ಖಾಕ್ ಅಂದರೆ ಪಾರಸಿಯಲ್ಲಿ ಮಣ್ಣು, ಧೂಳು. ಮಣ್ಣಿಗೆ ಮಣ್ಣು ಹೊಂದದೆ ಏನು. ಆದರೆ ನಮ್ಮ ರಸ್ತೆಯಲ್ಲಿ ಖಾಕಿ ಅಂದರೆ ಪೊಲೀಸರು, ಆಟೋದವರು, ಬಸ್ಸಿನವರು. ಅದೇ ಪ್ಯಾಂಟನ್ನು ‘ಮರಳಿನ ಬಣ್ಣ’ ಅಂತ ಬರೆದರೆ ಸಮವಸ್ತ್ರದ ನೆನಪು ಬರುವುದಿಲ್ಲ. ಪ್ಯಾಂಟು ಕೊಳ್ಳುವಾಗಲೂ ಹಸಿರು ಛಾಯೆಯ ಖಾಕಿ ಬಿಟ್ಟು, ಬಿಳಿಗೆ ತಿರುಗಿದ್ದನ್ನು ಆರಿಸಬೇಕು.

ಮೆರೂನ್ ಮೂಲದಲ್ಲಿ ಫ್ರೆಂಚ್. ಚೆಸ್ಟ್‌ನಟ್ ಎಂಬ ಕಾಯಿಯ ಹೆಸರು. ಆ ಕಾಯಿ ನಮ್ಮಲ್ಲಿ ಇಲ್ಲ, ಪದ ಮಾತ್ರ ಹಳ್ಳಿಯ ಬಟ್ಟೆ ಅಂಗಡಿಯವರೆಗೂ ಹೋಗಿದೆ. ಹಾಗೇ ಇರಲಿ.

ಉತ್ತರ 3

ಮೆರೂನ್ ಇರಲಿ, ಬ್ಯಾಡ ಅನ್ನೂದಿಲ್ಲ. ಆದರ ನಮ್ಮ ಬಾಗಲಕೋಟಿ ಕಡೆ ಅದಕ್ಕ ಹತ್ತಿರದ ಹೆಸರು ಒಂದು ಐತಿ: ಗಿರಿಕುಂಕುಮ. ಇಳಕಲ್ ಸೀರಿಯೊಳಗ ಬರೂ ಬಣ್ಣ, ಕುಂಕುಮಕ್ಕಿಂತ ಒಂದು ಪಟ್ಟು ಗಾಢ. ದಾಳಿಂಬಿ ಕೆಂಪು ಅನ್ನೂದೂ ಅಲ್ಲಿಯ ಹಳೇ ಬಣ್ಣ, ಅದು ಸ್ವಲ್ಪ ತಿಳಿ. ಹೊತ್ತಿಗೆಯೊಳಗ ಮೆರೂನ್ ಬರದು, ಒಂದು ಸಲ ‘ಗಿರಿಕುಂಕುಮದಂಥ’ ಅಂತ ಸೇರಿಸಿದರ ಉತ್ತರ ಕರ್ನಾಟಕದ ಓದುಗರಿಗೆ ಥಟ್ಟನೆ ತಿಳೀತದ.

ಇನ್ನೊಂದು. ಪಂಚೆಯ ‘ಅಂಚು’ ಅಂತ ಬರಿತೀರಿ, ನಾವು ‘ದಡಿ’ ಅಂತೀವಿ. ಎರಡನ್ನೂ ಕೊಡ್ರಿ. ಮದುವಿಗೆ ಹೊಂಬಣ್ಣದ ಅಂಗಿ, ಬಿಳಿ ಪಂಚೆ ಅಂದಾಗ ದಡಿಯ ಮಾತು ಬಂದೇ ಬರ್ತದ. ದಡಿ ಅಂಗಿಯ ಬಣ್ಣಕ್ಕ ಪೂರಾ ಒಂದೇ ಆಗಬಾರದು. ಅಂಗಿ ಸಾಸಿವಿ ಹಳದಿ ಇದ್ದರ ದಡಿ ಕೆಂಪು ಇಲ್ಲಾ ಜರಿ. ಎರಡು ಹಳದಿ ಬಾಜೂಬಾಜೂ ಬಂದರ ಒಂದು ಮಾಸಿದಂಗ ಕಾಣ್ತದ.

ಪ್ರಶ್ನೆ ಕೇಳಿದವರಿಂದ

ತುಂಬಾ ಉಪಕಾರವಾಯಿತು. ಕೇಸರಿ, ಕಾವಿ, ಕಿತ್ತಳೆ ಮೂರನ್ನೂ ಕರಡಿನಲ್ಲಿ ಒಂದರ ಬದಲು ಒಂದು ಬಳಸಲಾಗಿದೆ. ತಪ್ಪೇ? ಜೊತೆಗೆ ‘ಸ್ಟೈಲಿಂಗ್’ ಹಾಗೇ ಉಳಿದಿದೆ.

ಉತ್ತರ 1ರವರಿಂದ ಮತ್ತೆ

ತಪ್ಪೇ. ಕಿತ್ತಳೆ ಹಣ್ಣು, ಹಳೆಯ ರೂಪ ಕಿತ್ತೀಳೆ, ಅಂದರೆ ಕಿರಿದಾದ ಈಳೆ (ನಿಂಬೆ ಜಾತಿಯ ಹಣ್ಣು). ಅದಕ್ಕೆ ಬೇರೆ ಭಾರವಿಲ್ಲ, ಅಂಗಿಗೆ ನಿರಾಳವಾಗಿ ಬಳಸಬಹುದು. ಕೇಸರಿ ಹೂವಿನ ಎಳೆಯಿಂದ ಬಂದದ್ದು. 1947ರ ಜುಲೈ 22ರಂದು ಸಂವಿಧಾನ ಸಭೆ ರಾಷ್ಟ್ರಧ್ವಜದ ನಿರ್ಣಯ ಮಾಡಿದಾಗ ಮೇಲಿನ ಪಟ್ಟಿಗೆ ‘ಕೇಸರಿ’ ಅನ್ನುವ ಪದವನ್ನೇ ಇಟ್ಟಿತು. ಕೇಸರಿ ಅಂಗಿಗೆ ಬಿಳಿ ಪ್ಯಾಂಟು, ಹಸಿರು ಶಾಲು ಸೇರಿಸಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಕಾವಿ ಮಣ್ಣು. ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯ ಕಾವಿ ಕಲೆಯಲ್ಲಿರುವುದು ಅದೇ ಕೆಂಪು. ಆದರೆ ಬಟ್ಟೆಗೆ ಬಂದಾಗ ಕಾವಿ ಅಂದರೆ ಸಂನ್ಯಾಸ. ‘ಕಾವಿ ತೊಟ್ಟ’ ಅಂದರೆ ಮನೆ ಬಿಟ್ಟ ಅಂತ ಅರ್ಥ. ಹೆಂಚಿನ ಬಣ್ಣದ ಅಂಗಿಯನ್ನು ಅದೇ ಬಣ್ಣದ ಪಂಚೆಯ ಜೊತೆ ತೋರಿಸಬೇಡಿ. ಬಿಳಿ ಪಂಚೆ ಸಾಕು, ಅರ್ಥ ಬದಲಾಗುತ್ತದೆ.

‘ಸ್ಟೈಲಿಂಗ್’ ವಿಚಾರ. ವಿನ್ಯಾಸ ಅಂದರೆ ಅಂಗಿ ಹೊಲಿಯುವ ಮೊದಲಿನ ಕೆಲಸ. ನಿಮಗೆ ಬೇಕಿರುವುದು ಹೊಲಿದ ಮೇಲಿನದು. ಕನ್ನಡದಲ್ಲಿ ಇದಕ್ಕೆ ಮೂರು ಕ್ರಿಯಾಪದ ಇವೆ, ಮೂರೂ ಬೇರೆ. ಬಣ್ಣ ಆಳಿಗೆ ‘ಒಪ್ಪುತ್ತದೆ’. ಅಂಗಿ ಪ್ಯಾಂಟಿಗೆ ‘ಹೊಂದುತ್ತದೆ’. ಅಳತೆ ಸರಿ ಇದ್ದರೆ ಮೈಗೆ ‘ಕೂರುತ್ತದೆ’. ಕರಡಿನಲ್ಲಿ ಎಲ್ಲ ಕಡೆ ‘ಸೂಟ್ ಆಗುತ್ತದೆ’ ಅಂತ ಇದ್ದರೆ ಒಂದೊಂದನ್ನೂ ಈ ಮೂರರಲ್ಲಿ ಒಂದಕ್ಕೆ ಬದಲಿಸಿ, ಬರಹ ತಾನಾಗಿ ಹದಕ್ಕೆ ಬರುತ್ತದೆ. ಅಧ್ಯಾಯದ ಹೆಸರು ‘ಯಾವುದಕ್ಕೆ ಯಾವುದು’ ಅಂದರೆ ಸಾಲದೇ?

‘ಧರಿಸಿ’ ಎಂಬುದನ್ನೂ ಅಲ್ಲಲ್ಲಿ ಕೈಬಿಡಬಹುದು. ಉಡುಗೆ ಬೇರೆ, ತೊಡುಗೆ ಬೇರೆ ಅಂತಲೇ ‘ಉಡುಗೆತೊಡುಗೆ’ ಎಂಬ ಜೋಡಿ ಹುಟ್ಟಿದ್ದು. ಪಂಚೆ ಉಡುವುದು, ಅಂಗಿ ತೊಡುವುದು, ಶಲ್ಯ ಹೊದೆಯುವುದು, ಪೇಟ ಸುತ್ತುವುದು, ಗಡಿಯಾರ ಕಟ್ಟುವುದು, ಚಪ್ಪಲಿ ಮೆಟ್ಟುವುದು. ‘ಟಕ್ ಇನ್’ಗೆ ಹೊಸ ಪದ ಹೊಸೆಯಬೇಡಿ, ‘ಇನ್‌ಶರ್ಟ್ ಮಾಡು’ ಕನ್ನಡವೇ ಆಗಿದೆ. ತೋಳನ್ನು ಮಾತ್ರ ‘ಏರಿಸಿ’ ಅನ್ನಬಾರದು; ತೋಳೇರಿಸುವುದು ಜಗಳಕ್ಕೆ. ‘ಮಡಚಿ’ ಅನ್ನಿ. ಕಫ್ಫಿನ ಗುಂಡಿ ಬಿಚ್ಚಿ, ಕಫ್ಫಿನ ಅಗಲಕ್ಕೇ ಒಂದು ಮಡಿಕೆ, ಅದರ ಮೇಲೆ ಅಷ್ಟೇ ಅಗಲದ ಇನ್ನೊಂದು. ಮೊಣಕೈಗಿಂತ ಎರಡು ಬೆರಳು ಕೆಳಗೆ ನಿಲ್ಲಬೇಕು. ಮೂರನೆಯ ಮಡಿಕೆ ಹಾಕಿದರೆ ದಪ್ಪ ಬಟ್ಟೆಯಲ್ಲಿ ಅದು ಬಳೆಯಂತೆ ಉಬ್ಬುತ್ತದೆ.

ಉತ್ತರ 4

ಬಟ್ಟೆಯ ಕಡೆಯಿಂದ ಕೆಲವು ಮಾತು, ಪದಗಳ ಸಮೇತ.

ಬಣ್ಣವನ್ನು ಕಾಲಕ್ಕೆ ಕಟ್ಟಬೇಡಿ, ನೂಲನ್ನು ಕಟ್ಟಿ. ಅದೇ ಹೆಂಚಿನ ಬಣ್ಣ ಲಿನನ್‌ನಲ್ಲಿ ಬೇಸಿಗೆಗೆ, ಉದ್ದುದ್ದ ಗೀರಿನ ದಪ್ಪ ಬಟ್ಟೆಯಾದ ಕಾರ್ಡುರಾಯ್‌ನಲ್ಲಿ ಚಳಿಗೆ. ಬೇಸಿಗೆಯಲ್ಲಿ ಕಾಡುವುದು ಬೆವರು. ಹತ್ತಿ ಒದ್ದೆಯಾದರೆ ಬಣ್ಣ ಗಾಢವಾಗುತ್ತದೆ. ನಡುಮಟ್ಟದ ಬಣ್ಣಗಳಲ್ಲಿ, ಅಂದರೆ ಇಟ್ಟಿಗೆ, ಹೆಂಚು, ಸಾಸಿವೆ ಹಳದಿಯಲ್ಲಿ, ಕಂಕುಳ ಕೆಳಗಿನ ಪಸೆ ಎದ್ದು ಕಾಣುತ್ತದೆ. ಕಡು ಮೆರೂನಿನಲ್ಲಿ ಅಷ್ಟಿಲ್ಲ. ಉಪಾಯ ಸಣ್ಣ ಚೌಕಳಿ ಅಥವಾ ಪಟ್ಟೆ ಇರುವ ಬಟ್ಟೆ. ‘ಚೆಕ್ಸ್’ ಬದಲು ‘ಚೌಕಳಿ’ ಬರೆದರೆ ಯಾರಿಗೂ ಕಷ್ಟವಾಗದು.

ಮಳೆಗಾಲಕ್ಕೆ ಬಣ್ಣ ಬಿಡುವ ಅಂಗಿ ಶತ್ರು. ಇಲ್ಲಿ ನಾಲ್ಕು ಮಾತನ್ನು ಬೆರೆಸಬೇಡಿ. ನೀರಿಗೆ ಬಣ್ಣ ಇಳಿದರೆ ‘ಬಿಡುತ್ತದೆ’. ಅದು ಪಕ್ಕದ ಬಟ್ಟೆಗೆ ಸೇರಿದರೆ ‘ಹತ್ತುತ್ತದೆ’. ಬಿಸಿಲಿಗೆ ಕಳೆ ಹೋದರೆ ‘ಮಂಕಾಗುತ್ತದೆ’. ಕೊಳೆ ಕೂತರೆ ‘ಮಾಸುತ್ತದೆ’. ನಿಮ್ಮ ಕರಡಿನಲ್ಲಿ ನಾಲ್ಕಕ್ಕೂ ‘ಬಣ್ಣ ಹೋಗುತ್ತದೆ’ ಅಂತ ಇದ್ದರೆ, ಯಾವುದಕ್ಕೆ ಏನು ಮಾಡಬೇಕು ಅಂತ ಓದುಗನಿಗೆ ತಿಳಿಯುವುದಿಲ್ಲ.

ಬಿಡುತ್ತದೆಯೇ ಎಂದು ನೋಡಲು ಬಿಳಿ ಬಟ್ಟೆಯನ್ನು ಒದ್ದೆ ಮಾಡಿ ಹಿಂಡಿ, ಅಂಗಿಯ ಒಳಹೊಲಿಗೆಯ ಮೇಲೆ ಹತ್ತು ಸಲ ಉಜ್ಜಿ. ಬಿಳಿ ಬಟ್ಟೆ ಕೆಂಪಗಾದರೆ ಮೊದಲ ಮೂರು ನಾಲ್ಕು ಒಗೆತ ಬೇರೆಯಾಗಿ. ನೆನೆಹಾಕಿ ಮರೆಯಬಾರದು, ಇಳಿದ ಬಣ್ಣ ಅದೇ ಅಂಗಿಯ ಬಿಳಿ ದಾರಕ್ಕೆ, ಗುಂಡಿಯ ಸುತ್ತಲಿನ ಕಾಜಾಕ್ಕೆ ಹತ್ತಿಬಿಡುತ್ತದೆ. ಉಪ್ಪು ನೀರಿನಲ್ಲಿ ಅದ್ದಿದರೆ ಬಣ್ಣ ನಿಲ್ಲುತ್ತದೆ ಅನ್ನುವುದು ಅರ್ಧ ಮಾತು. ಬಣ್ಣದ ತೊಟ್ಟಿಯಲ್ಲಿ ಉಪ್ಪು ಬಣ್ಣವನ್ನು ನೂಲಿನತ್ತ ದೂಡುತ್ತದೆ ನಿಜ. ಹೊಲಿದು ತಂದ ಅಂಗಿಯಲ್ಲಿ ಅಂಟದೆ ಉಳಿದ ಬಣ್ಣವನ್ನು ಅದು ಕಟ್ಟಿಹಾಕುವುದಿಲ್ಲ, ಒಗೆದೇ ಕಳೆಯಬೇಕು. ಒಳಮಗ್ಗುಲು ಹೊರಗೆ ಮಾಡಿ ನೆರಳಿಗೆ ಹರವಿ.

ಮದುವೆ ಊಟದಲ್ಲಿ ಹೊಂಬಣ್ಣದ ಅಂಗಿಗೆ ಸಾರು ಬಿದ್ದರೆ ಗೊತ್ತೇ ಆಗುವುದಿಲ್ಲ ಅಂತ ಸಮಾಧಾನ ಬೇಡ. ಮನೆಗೆ ಬಂದು ಸೋಪು ಹಾಕಿದ ಕೂಡಲೇ ಅಲ್ಲಿ ಕೆಂಪು ಚುಕ್ಕೆ ಏಳುತ್ತದೆ. ಅರಿಸಿನಕ್ಕೆ ಕ್ಷಾರ ತಗುಲಿದರೆ ಹಾಗೇ, ಕುಂಕುಮ ಮಾಡುವುದೂ ಇದೇ ಗುಣದಿಂದ. ಗಾಬರಿಯಾಗದೆ ಸೋಪು ಪೂರಾ ಜಾಲಿಸಿ, ಕಲೆ ಇರುವಷ್ಟು ಜಾಗವನ್ನು ಬಿಸಿಲಿಗೆ ಹಿಡಿಯಿರಿ. ಅರಿಸಿನ ಬಿಸಿಲಿಗೆ ಕರಗುತ್ತದೆ. ಇಸ್ತ್ರಿ ಮಾತ್ರ ಕಲೆ ಹೋದಮೇಲೆ.

ಕೊಳ್ಳುವಾಗಿನ ಒಂದು ಮಾತು: ಟ್ಯೂಬ್‌ಲೈಟಿನ ಕೆಳಗೆ ಸಾಸಿವೆ ಹಳದಿ ಹಸಿರಿಗೆ ತಿರುಗಿ ಕಾಣುವುದುಂಟು, ಹಳದಿ ಬಲ್ಬಿನ ಕೆಳಗೆ ಮೆರೂನ್ ಕಂದಾಗಿ. ಹಗಲಿನ ಧಾರೆಗೆ ಬೇಕಾದರೆ ಅಂಗಡಿ ಬಾಗಿಲಿಗೆ ತಂದು ಬೆಳಕಿಗೆ ಹಿಡಿದು ನೋಡಬೇಕು. ಸಂಜೆಯ ಆರತಕ್ಷತೆಗಾದರೆ ದೀಪದ ಕೆಳಗೂ ನೋಡಬೇಕು. ಹೊಲಿಸುವವರಿಗೆ ಅಳತೆಯನ್ನೂ ಕೊಡಿ: ತುಂಬುತೋಳಿನ ಅಂಗಿಗೆ 58 ಇಂಚು ಪನ್ನದ ಬಟ್ಟೆ 1.6 ಮೀಟರ್, 36 ಇಂಚು ಪನ್ನವಾದರೆ ಎರಡೂಕಾಲರಿಂದ ಎರಡೂವರೆ. ‘ಪನ್ನ’ ಅಂದರೆ ಬಟ್ಟೆಯ ಅಗಲ. ದರ್ಜಿಗಳ ಬಾಯಲ್ಲಿ ಉಳಿದಿರುವ ಈ ಪದ ಪುಸ್ತಕಕ್ಕೂ ಬರಲಿ.

ಪ್ರಶ್ನೆ ಕೇಳಿದವರಿಂದ

ತಿದ್ದಿದ ಸಾಲು ಹೀಗಿದೆ, ನೋಡಿ: ‘ಕೆಂಬಣ್ಣದ ಅಂಗಿ ಬೇಸಿಗೆಗೂ ಆಗುತ್ತದೆ, ಬಟ್ಟೆ ತೆಳುವಾಗಿರಬೇಕು ಅಷ್ಟೆ. ಹೆಂಚಿನ ಬಣ್ಣದ ಲಿನನ್ ಅಂಗಿ ತೊಟ್ಟು ತೋಳು ಎರಡು ಸಲ ಮಡಚಿ. ಕೆನೆಬಿಳಿ ಪ್ಯಾಂಟು ಇದಕ್ಕೆ ಹೊಂದುತ್ತದೆ. ಕಚೇರಿಗಾದರೆ ಕಡುನೀಲಿ ಪ್ಯಾಂಟು ಹಾಕಿ ಇನ್‌ಶರ್ಟ್ ಮಾಡಿ, ಕಂದು ಬೆಲ್ಟ್ ಕಟ್ಟಿ. ರಾಜ್ಯೋತ್ಸವಕ್ಕೆ ಹೊಂಬಣ್ಣದ ಅಂಗಿಯ ಮೇಲೆ ಹಳದಿ–ಕೆಂಪು ಶಲ್ಯ ಹೊದೆಯಿರಿ.’

ಉತ್ತರ 3ರವರಿಂದ

ಎಲ್ಲಾ ಛಲೋ ಐತಿ, ಕಡೀ ಸಾಲು ಬಿಟ್ಟು. ಹಳದಿ ಅಂಗಿ ಮ್ಯಾಲ ಶಲ್ಯದ ಹಳದಿ ಕಾಣೂದಿಲ್ಲ, ಕೆಂಪು ಪಟ್ಟಿ ಒಂದೇ ಉಳೀತದ. ಅವತ್ತು ಬಿಳಿ ಅಂಗಿ ತೊಡಸ್ರಿ.