ಬೇಸಿಗೆ ರಜೆಯ ಕೆಲಸ: ಅನುಭವವಿದ್ದವರು ದಯವಿಟ್ಟು ತಿಳಿಸಿ

ಮಂಡ್ಯದ ವಿದ್ಯಾರ್ಥಿ: ನಾನು ಬಿ.ಕಾಂ. ಎರಡನೇ ವರ್ಷದಲ್ಲಿದ್ದೇನೆ. ಏಪ್ರಿಲ್ ಕೊನೆಗೆ ಪರೀಕ್ಷೆ ಮುಗಿಯುತ್ತದೆ, ಜೂನ್ ಮಧ್ಯದವರೆಗೆ ರಜೆ. ಮುಂದಿನ ವರ್ಷದ ಶುಲ್ಕಕ್ಕೆ 20,000 ರೂಪಾಯಿ ಹೊಂದಿಸಬೇಕಾಗಿದೆ. ಬೆಂಗಳೂರಿನಲ್ಲಿ ಸೋದರಮಾವನ ಮನೆಯಿದೆ, ಆದರೆ ನನ್ನ ಬಳಿ ಗಾಡಿಯಿಲ್ಲ. ಮದುವೆ ಛತ್ರದಲ್ಲಿ ಬಡಿಸುವುದು, ಅಂಗಡಿ, ಮನೆಯಿಂದಲೇ ಮಾಡುವ ಟೈಪಿಂಗ್: ಇವುಗಳಲ್ಲಿ ಯಾವುದಕ್ಕೆ ಹೋಗಲಿ?

ತುಮಕೂರಿನಿಂದ: ತಮ್ಮಾ, ಬಡಿಸುವ ಕೆಲಸಕ್ಕೆ ಹೋಗುವುದಾದರೆ ಮೊದಲು ಪಂಚಾಂಗ ನೋಡು. 2024ರ ಮೇ ತಿಂಗಳಲ್ಲಿ ಗುರು, ಶುಕ್ರ ಗ್ರಹಗಳೆರಡಕ್ಕೂ ಮೌಢ್ಯ, ಅಂದರೆ ಸೂರ್ಯನ ಹತ್ತಿರ ಬಂದು ಮರೆಯಾಗುವ ಅಶುಭ ಕಾಲ ಬಂದು, ಮುಹೂರ್ತಗಳೇ ಇಲ್ಲವಾದವು; ಆ ಬೇಸಿಗೆಯನ್ನೇ ನಂಬಿಕೊಂಡಿದ್ದ ನಮ್ಮ ತಂಡದ ಹುಡುಗರು ಬರಿಗೈಯಲ್ಲಿ ಊರಿಗೆ ಮರಳಿದರು. ಅದಕ್ಕೆ ಹಿಂದಿನ ವರ್ಷ ನನಗೆ ಸಂಜೆಯ ರಿಸೆಪ್ಷನ್, ಮರುದಿನದ ತಿಂಡಿ ಮತ್ತು ಮುಹೂರ್ತದ ಊಟ ಸೇರಿ 1,300 ರೂಪಾಯಿ ಎಂದು ಮಾತಾಗಿತ್ತು. ಕಪ್ಪು ಪ್ಯಾಂಟಿಗೆ 650, ಶೂಗೆ 480 ನನ್ನದೇ ಖರ್ಚು. ಅಂಗಿ ಅವರದಾದರೂ ಒಗೆಸಲೆಂದು ಪ್ರತಿ ಸಲ 30 ರೂಪಾಯಿ ಹಿಡಿದುಕೊಂಡರು. ಕೊನೆಯ ಪಂಕ್ತಿ ಏಳುವ ಹೊತ್ತಿಗೆ ಬಸ್ ಸಂಚಾರ ನಿಂತುಹೋಗಿರುತ್ತಿತ್ತು, ಆಟೋದವರು 180ಕ್ಕೆ ಕಡಿಮೆ ಬರುತ್ತಿರಲಿಲ್ಲ. ಬಿಸಿ ಸಾರಿನ ಬಕೆಟ್ಟಿನ ತೆಳ್ಳಗಿನ ಹಿಡಿ ಬೆರಳಿನ ಗೆಣ್ಣಿಗೆ ಹೇಗೆ ಕೊರೆಯುತ್ತದೆಂದರೆ, ಬಟ್ಟೆ ಸುತ್ತಿಕೊಳ್ಳದೆ ಎರಡನೇ ಪಂಕ್ತಿಗೆ ಬಡಿಸಲಾಗುವುದಿಲ್ಲ. ಸೀಸನ್ನಿನ ಕೊನೆಯ ಮದುವೆಗಳ 5,200 ರೂಪಾಯಿಯನ್ನು ಕಾಂಟ್ರಾಕ್ಟರು ಇಂದಿಗೂ ಕೊಟ್ಟಿಲ್ಲ. ಹಾಗಿದ್ದರೂ ಆ ವರ್ಷದ ಪರೀಕ್ಷಾ ಶುಲ್ಕವನ್ನು ಮನೆಯವರಿಂದ ಕೇಳದೆ ಕಟ್ಟಿದೆನೆಂಬ ಹೆಮ್ಮೆ ನನಗಿದೆ.

ಬೆಂಗಳೂರಿನಿಂದ: ಬಾಕಿಗಾಗಿ ಕಾಂಟ್ರಾಕ್ಟರನ ಬೆನ್ನು ಹತ್ತುವ ಕೆಲಸಕ್ಕಿಂತ ಡೆಲಿವರಿ ಮೇಲು, ಹಣ ವಾರವಾರ ಖಾತೆಗೆ ಬೀಳುತ್ತದೆ. 2025ರ ಬೇಸಿಗೆಯಲ್ಲಿ ನಾನು ಬೈಕ್ ಟ್ಯಾಕ್ಸಿ ಓಡಿಸುತ್ತಿದ್ದೆ. ಹೈಕೋರ್ಟಿನ ಆದೇಶದಿಂದಾಗಿ ಜೂನ್ 16ಕ್ಕೆ ಅದು ನಿಂತಾಗ ನಮ್ಮಂಥವರೆಲ್ಲ ಒಮ್ಮೆಗೇ ಊಟ ತಲುಪಿಸುವ ಕೆಲಸಕ್ಕೆ ನುಗ್ಗಿದೆವು. ನಮ್ಮ ಬಡಾವಣೆಯಲ್ಲಿ ಒಬ್ಬೊಬ್ಬರಿಗೆ ಸಿಗುವ ಆರ್ಡರ್ ಅರ್ಧಕ್ಕಿಳಿಯಿತು. ಆಗ ಪೆಟ್ರೋಲ್ ಲೀಟರಿಗೆ ಸುಮಾರು 103 ಇತ್ತು, ದಿನಕ್ಕೆ ಎರಡೂವರೆ ಲೀಟರ್ ಬೇಕಾಗುತ್ತಿತ್ತು. ಹಿಂದಿನ ಟೈರ್ 1,850, ಕ್ಲಚ್ ಪ್ಲೇಟ್ 1,400, ಬ್ರೇಕ್ ಶೂ 320; ಬಿಸಿಲಿನಲ್ಲಿ ಮ್ಯಾಪ್ ಹಾಕಿಕೊಂಡೇ ಓಡಿದ್ದರಿಂದ ಉಬ್ಬಿದ ಮೊಬೈಲ್ ಬ್ಯಾಟರಿಗೆ 2,100. ಇದನ್ನೆಲ್ಲ ಕಳೆದ ಮೇಲೂ ಉಳಿದದ್ದು ಬಡಿಸುವವರಿಗಿಂತ ಹೆಚ್ಚೇ.

ತುಮಕೂರಿನಿಂದ: ಕೇಳಿದ ಹುಡುಗನಿಗೆ ಗಾಡಿಯೇ ಇಲ್ಲವೆಂಬುದನ್ನು ತಾವು ಓದಿದ್ದೀರಾ? ಗಾಡಿಯ ಸಾಲದ ಕಂತನ್ನು ತಮ್ಮ ತಂದೆಯವರು ಕಟ್ಟುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಸೇರಿಸಿ, ಆಮೇಲೆ ಹೆಚ್ಚು ಕಡಿಮೆ ಮಾತನಾಡೋಣ.

ಬೆಂಗಳೂರಿನಿಂದ: ನನ್ನ ತಂದೆಯವರ ವಿಷಯ ತಮಗೆ ಬೇಡ. ಗಾಡಿ ಹಳೆಯದು, ಕಂತು ಎಂದೋ ತೀರಿದೆ.

ಶ್ರೀನಿವಾಸಪುರದಿಂದ: ನೀವಿಬ್ಬರೂ ಬೆಂಗಳೂರು ಬಿಟ್ಟರೆ ಕೆಲಸವೇ ಇಲ್ಲವೆಂಬಂತೆ ಮಾತನಾಡುತ್ತಿದ್ದೀರಿ. ನಾನು ಪಿಯುಸಿ ಮುಗಿಸಿದಂದಿನಿಂದ ಪ್ರತಿ ಬೇಸಿಗೆಯಲ್ಲಿ ಮಾವಿನ ಮಂಡಿಯಲ್ಲಿ ತೂಕದ ಚೀಟಿ ಬರೆಯುತ್ತಿದ್ದೇನೆ. ಮೇ ತಿಂಗಳಲ್ಲಿ ಬಾದಾಮಿ, ರಸಪುರಿ ಬರುತ್ತವೆ, ಜೂನ್ ಹೊತ್ತಿಗೆ ತೋತಾಪುರಿಯ ರಾಶಿ. ಲೆಕ್ಕ ಬಲ್ಲ ಹುಡುಗನಿಗೆ ದಿನಕ್ಕೆ 600 ರೂಪಾಯಿ, ಮಧ್ಯಾಹ್ನದ ಊಟ. ಲೋಡ್ ತಡವಾಗಿ ಬಂದರೆ ರಾತ್ರಿ ಅಲ್ಲಿಯೇ ಗೋಣಿಚೀಲದ ಮೇಲೆ ಮಲಗಬೇಕು. ಬರೆಯುವವನೂ ಆಗಾಗ ಹಣ್ಣು ಆರಿಸಲು ಕೂರಬೇಕಾಗುತ್ತದೆ. ತೊಟ್ಟು ಮುರಿದಾಗ ಚಿಮ್ಮುವ ಸೊನೆ ಮುಂಗೈಗೆ ಬಿದ್ದರೆ ಮೊದಲು ಉರಿ, ಎರಡು ದಿನದಲ್ಲಿ ಸುಟ್ಟಂತಹ ಕಪ್ಪು ಕಲೆ. ಮುಲಾಮಿಗೇ ನಾನು 340 ಕೊಟ್ಟಿದ್ದೇನೆ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿಯನ್ನು ತಡೆದಾಗ, ಅಲ್ಲಿನ ಪಲ್ಪ್ ಕಾರ್ಖಾನೆಗಳಿಗೆ ಹೋಗಬೇಕಾದ ಹಣ್ಣು ನಮ್ಮಲ್ಲೇ ಕೊಳೆಯತೊಡಗಿತು, ಮತ್ತು ಮಂಡಿಯಿಂದ ಮೊದಲು ಬಿಡಿಸಿದ್ದು ನಮ್ಮಂಥ ವಿದ್ಯಾರ್ಥಿಗಳನ್ನು. ಕೇಂದ್ರವು ಆಮೇಲೆ ಕ್ವಿಂಟಲಿಗೆ 1,616 ರೂಪಾಯಿಯ ಲೆಕ್ಕದಲ್ಲಿ ಪರಿಹಾರ ಯೋಜನೆ ಘೋಷಿಸಿತು. ಅದು ಬೆಳೆಗಾರರಿಗೆ ಸಂಬಂಧಿಸಿದ್ದು, ನ್ಯಾಯವಾದದ್ದೇ. ಆದರೆ ನಮ್ಮ ಕೂಲಿಯನ್ನು ಯಾರೂ ಕೇಳಲಿಲ್ಲ.

ಮೈಸೂರಿನಿಂದ: ನಾನು ಸೀರೆ ಅಂಗಡಿಯಲ್ಲಿದ್ದೆ, ತಿಂಗಳಿಗೆ 12,000 ಎಂದಿದ್ದರು. ಕೈಗೆ ಬಂದದ್ದು 10,560. ಭವಿಷ್ಯನಿಧಿಗೆಂದು ಶೇಕಡ 12ರಷ್ಟು, ಅಂದರೆ 1,440 ರೂಪಾಯಿ ಮುರಿದಿದ್ದರು. ಅದು ನಮ್ಮದೇ ಹಣ, ಸರಿ. ಆದರೆ ಆಧಾರ್‌ನಲ್ಲಿ ನನ್ನ ಹೆಸರಿನ ಮುಂದೆ ತಂದೆಯ ಹೆಸರಿದೆ, ಅಂಗಡಿಯವರು ಬರೀ ಇನಿಷಿಯಲ್ ಬರೆದು ಕಳುಹಿಸಿದ್ದರು. ಆ ವ್ಯತ್ಯಾಸವನ್ನು ಸರಿಪಡಿಸಲು ಆಗ ಅವರದೇ ಒಪ್ಪಿಗೆ ಬೇಕಿತ್ತು, ಕೆಲಸ ಬಿಟ್ಟವಳ ಫೋನನ್ನು ಅವರು ಎತ್ತುತ್ತಿರಲಿಲ್ಲ. ಹಣ ಖಾತೆಗೆ ಬರುವ ಹೊತ್ತಿಗೆ ನಾನು ಕೊನೆಯ ವರ್ಷಕ್ಕೆ ಬಂದಿದ್ದೆ. ಸೇರುವ ದಿನವೇ ಆಧಾರ್‌ನಲ್ಲಿರುವಂತೆ ಹೆಸರು ಬರೆಸಿಕೊಳ್ಳಿ. ದಿನವಿಡೀ ನಿಂತು ಊದಿಕೊಂಡ ಕಾಲುಗಳ ಮಾತನ್ನು ಇಲ್ಲಿ ಯಾವ ಗಂಡಸರೂ ಎತ್ತಿಲ್ಲ, ಆದ್ದರಿಂದ ನಾನೇ ಹೇಳುತ್ತಿದ್ದೇನೆ.

ದಾವಣಗೆರೆಯಿಂದ: ಟೈಪಿಂಗ್ ಕೆಲಸದ ಹತ್ತಿರವೂ ಸುಳಿಯಬೇಡಪ್ಪ. ನನ್ನ ತಮ್ಮನಿಂದ ನೋಂದಣಿಗೆಂದು 1,500 ಕಟ್ಟಿಸಿಕೊಂಡರು, ಪುಟಕ್ಕೆ 40 ರೂಪಾಯಿ ಎಂದರು. ಹಗಲು ರಾತ್ರಿ ಟೈಪ್ ಮಾಡಿ ಕಳುಹಿಸಿದ ಮೇಲೆ ಶೇಕಡ 98ರಷ್ಟು ನಿಖರತೆ ಬಂದಿಲ್ಲವೆಂದು ಹೇಳಿ, ವಕೀಲರ ನೋಟಿಸಿನಂತಿದ್ದ ಕಾಗದ ಕಳುಹಿಸಿ, 6,800 ಕಟ್ಟದಿದ್ದರೆ ಮೊಕದ್ದಮೆ ಎಂದು ಹೆದರಿಸಿದರು. ತಮ್ಮ ವಾರಗಟ್ಟಲೆ ಸರಿಯಾಗಿ ಊಟ ಮಾಡಲಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸಿದ ಮೇಲೆ ಆ ನಂಬರುಗಳೆಲ್ಲ ಸ್ವಿಚ್ ಆಫ್ ಆದವು.

ಹಾಸನದಿಂದ: ಶುಲ್ಕ ಕೇಳುವವರೆಲ್ಲ ಕಳ್ಳರೆಂದು ಹೇಳುವುದು ತಪ್ಪು. ನಾನು ಒಬ್ಬ ಏಜೆಂಟರಿಗೆ 750 ಕೊಟ್ಟು ಸಕಲೇಶಪುರದ ಕಡೆಯ ರೆಸಾರ್ಟಿಗೆ ಸೇರಿದೆ; ಊಟ, ವಸತಿ, 9,000 ಸಂಬಳ, ಎಲ್ಲವೂ ಮಾತಿನಂತೆ ನಡೆಯಿತು.

ದಾವಣಗೆರೆಯಿಂದ: ತಮಗೆ ನಡೆಯಿತು, ಸಂತೋಷ. ಆ 750ಕ್ಕೆ ರಸೀದಿ ಕೊಟ್ಟರೇ?

ಹಾಸನದಿಂದ: ರಸೀದಿ ಇಲ್ಲ. ನಂಬಿಕೆಯ ಮೇಲೆ ನಡೆದ ವ್ಯವಹಾರ.

ದಾವಣಗೆರೆಯಿಂದ: ನನ್ನ ತಮ್ಮನದೂ ನಂಬಿಕೆಯ ವ್ಯವಹಾರವೇ ಆಗಿತ್ತು. ಶುಲ್ಕ ಕಟ್ಟಲೆಂದು ಕೆಲಸ ಹುಡುಕುತ್ತಿರುವ ಹುಡುಗನಿಗೆ ಮೊದಲು ನೀನೇ ದುಡ್ಡು ಕೊಡು ಎಂದು ಸಲಹೆ ಕೊಡಲು ತಮಗೆ ಮನಸ್ಸಾದರೂ ಹೇಗೆ ಬಂತು?

ಶ್ರೀನಿವಾಸಪುರದಿಂದ: ನಮ್ಮ ಮಂಡಿಗಳಲ್ಲಿ ಏಜೆಂಟರೂ ಇಲ್ಲ, ನೋಂದಣಿಯೂ ಇಲ್ಲ. ಮಂಡ್ಯದ ತಮ್ಮ ಮೇ ಎರಡನೇ ವಾರದಲ್ಲಿ ಬೆಳಿಗ್ಗೆ ಏಳರೊಳಗೆ ಬಂದು ಮಾಲೀಕರನ್ನೇ ನೇರವಾಗಿ ಕಾಣಲಿ, ತುಂಬು ತೋಳಿನ ಹಳೆಯ ಅಂಗಿ ತರಲಿ, ಕೂಲಿಯನ್ನು ಪ್ರತಿ ಶನಿವಾರ ಚುಕ್ತಾ ಮಾಡಿಸಿಕೊಳ್ಳಲಿ.